ವರ್ಕರ್‌ಗೆ ಕ್ಲಾಸ್ ಸಿಗದಿದ್ದರೆ: ರಿಕ್ವೈರ್, ಈಗರ್ ಲೋಡ್, ಝೈಟ್‌ವರ್ಕ್ ಚೆಕ್

ವೆಬ್ ಸರ್ವರ್‌ನಲ್ಲಿ ಸಲೀಸಾಗಿ ಓಡುವ ಕೋಡ್, ವರ್ಕರ್‌ಗೆ (ಹಿನ್ನೆಲೆಯಲ್ಲಿ ಜಾಬ್‌ಗಳನ್ನು ಓಡಿಸುವ ಪ್ರೊಸೆಸ್) ಹೋದ ಕೂಡಲೇ ‘ಅನ್‌ಇನಿಶಿಯಲೈಸ್ಡ್ ಕಾನ್‌ಸ್ಟಂಟ್’, ಅಂದರೆ ಈ ಹೆಸರಿನ ಕ್ಲಾಸ್ ಸಿಗಲಿಲ್ಲ, ಅಂತ ಬೀಳುತ್ತದೆ. ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್ ಆದ ರೈಲ್ಸ್ ಬಳಸುವವರಿಗೆ ಇದು ಹೊಸದಲ್ಲ. ಜನ ಹೇಳುವ ಮೂರು ದಾರಿಗಳನ್ನೂ ಒಂದೇ ಪ್ರಾಜೆಕ್ಟ್‌ನಲ್ಲಿ ಹಾಕಿ ನೋಡಿದ್ದೇನೆ.

ಜಾಬ್ ಫೈಲಿನ ಮೇಲ್ಗಡೆ ರಿಕ್ವೈರ್ (ಬೇಕಾದ ಫೈಲನ್ನು ನಾವೇ ಲೋಡ್ ಮಾಡಿಸುವ ಸಾಲು) ಸೇರಿಸುವುದು ಎಲ್ಲಕ್ಕಿಂತ ಸುಲಭ. ಎರರ್ ತಕ್ಷಣ ಹೋಗುತ್ತದೆ. ಆದರೆ ಆಟೋಲೋಡರ್ (ಕ್ಲಾಸ್‌ಗಳ ಫೈಲನ್ನು ತಾನೇ ಹುಡುಕಿ ಲೋಡ್ ಮಾಡುವ ಭಾಗ) ನೋಡಿಕೊಳ್ಳಬೇಕಾದ ಫೈಲಿಗೆ ನಾವೇ ಕೈ ಹಾಕಿದರೆ ಡೆವಲಪ್‌ಮೆಂಟ್‌ನಲ್ಲಿ ರೀಲೋಡ್ ಕೆಡುತ್ತದೆ. ನನಗೆ ಇದು ಬೇಡವೇ ಬೇಡ.

ಈಗರ್ ಲೋಡ್, ಅಂದರೆ ಶುರುವಿನಲ್ಲೇ ಎಲ್ಲ ಕ್ಲಾಸ್‌ಗಳನ್ನೂ ಲೋಡ್ ಮಾಡಿಡುವುದು, ನನಗೆ ಜಾಸ್ತಿ ಇಷ್ಟವಾಯಿತು. ಪ್ರೊಡಕ್ಷನ್‌ನಲ್ಲಿ ಅದು ಹೇಗೂ ಆನ್ ಇರುತ್ತದೆ ಅಲ್ವಾ ಅನ್ನಬಹುದು. ಇರುತ್ತದೆ, ಆದರೆ ವರ್ಕರನ್ನು ರೇಕ್ ಟಾಸ್ಕ್ (ರೂಬಿಯಲ್ಲಿ ಕಮಾಂಡ್‌ನಿಂದ ಓಡಿಸುವ ಕೆಲಸ) ಮೂಲಕ ಶುರು ಮಾಡಿದರೆ ರೈಲ್ಸ್ ಅದನ್ನು ಬಿಟ್ಟುಬಿಡುತ್ತದೆ, ‘ರೇಕ್ ಈಗರ್ ಲೋಡ್’ ಸೆಟ್ಟಿಂಗನ್ನು ನಾವೇ ಆನ್ ಮಾಡಬೇಕು. ಜಾಬ್ ಓಡಿಸಲು ರೆಸ್ಕ್ಯೂ ಎಂಬ ಲೈಬ್ರರಿ ಬಳಸುವವರಿಗಂತೂ ಇದರಿಂದ ಇನ್ನೊಂದು ಲಾಭವಿದೆ: ಅಲ್ಲಿ ಪ್ರತಿ ಜಾಬ್‌ಗೂ ಒಂದು ಚೈಲ್ಡ್ ಪ್ರೊಸೆಸ್ ಹುಟ್ಟುತ್ತದೆ, ಅದರಲ್ಲಿ ಲೋಡ್ ಆದ ಕ್ಲಾಸ್‌ಗಳು ಅದರ ಜೊತೆಗೇ ಹೋಗುತ್ತವೆ, ಮುಂದಿನ ಜಾಬ್ ಮತ್ತೆ ಮೊದಲಿಂದ ಲೋಡ್ ಮಾಡಬೇಕು. ಪೇರೆಂಟ್‌ನಲ್ಲೇ ಎಲ್ಲ ಲೋಡ್ ಆಗಿದ್ದರೆ ಆ ಕಾಟವಿಲ್ಲ. ವರ್ಕರ್ ಏಳುವುದು ನಿಧಾನವಾಗುತ್ತದೆ, ನಿಜ. ಆದರೂ ತಪ್ಪು ಡಿಪ್ಲಾಯ್ ಹೊತ್ತಿಗೇ ಸಿಕ್ಕಿಬೀಳುತ್ತದೆ, ನಡುರಾತ್ರಿ ಯಾವುದೋ ಜಾಬ್ ಓಡುವಾಗ ಅಲ್ಲ.

ಮೂರನೆಯದು ‘ಝೈಟ್‌ವರ್ಕ್ ಚೆಕ್’ ಕಮಾಂಡ್. ರೈಲ್ಸ್ 6ರಲ್ಲಿ ಝೈಟ್‌ವರ್ಕ್ ಎಂಬ ಹೊಸ ಆಟೋಲೋಡರ್ ಬಂತು, 7ರಲ್ಲಿ ಹಳೆಯ ಕ್ಲಾಸಿಕ್ ಲೋಡರ್ ಪೂರ್ತಿ ಹೋಯಿತು. ಈ ಕಮಾಂಡ್ ಫೈಲ್ ಹೆಸರಿಗೂ ಕ್ಲಾಸ್ ಹೆಸರಿಗೂ ತಾಳೆ ನೋಡುತ್ತದೆ. ಪಿಡಿಎಫ್ ಅಂತ ಶುರುವಾಗುವ ಫೈಲಿದ್ದರೆ ಕ್ಲಾಸಿನ ಹೆಸರಲ್ಲಿ ಆ ಮೂರರ ಪೈಕಿ ಮೊದಲ ಅಕ್ಷರ ಮಾತ್ರ ಕ್ಯಾಪಿಟಲ್ ಇರುತ್ತದೆ ಎಂದುಕೊಳ್ಳುತ್ತದೆ. ನೀವು ಮೂರನ್ನೂ ಕ್ಯಾಪಿಟಲ್ ಬರೆದಿದ್ದರೆ ಇನ್‌ಫ್ಲೆಕ್ಷನ್‌ನಲ್ಲಿ (ಇಂಥ ಹೆಸರಿನ ನಿಯಮಗಳನ್ನು ಬರೆದಿಡುವ ಸೆಟ್ಟಿಂಗ್) ಹೇಳಲೇಬೇಕು. ಇದೇನೂ ರಿಪೇರಿ ಮಾಡುವುದಿಲ್ಲ, ತಪ್ಪು ಎಲ್ಲಿದೆ ಅಂತ ತೋರಿಸುತ್ತದೆ ಅಷ್ಟೆ. ಆದರೆ ಮೊದಲು ಓಡಿಸಬೇಕಾದ್ದು ಇದನ್ನೇ, ಸಿಐನಲ್ಲಿ (ಕೋಡ್ ಸೇರಿಸಿದಾಗಲೆಲ್ಲ ತಾನೇ ಓಡುವ ಪರೀಕ್ಷೆಗಳು) ಹಾಕಿಬಿಟ್ಟರೆ ಇನ್ನೂ ನೆಮ್ಮದಿ.

ಒಂದು ಕೇಸಿಗೆ ಮಾತ್ರ ಈ ಮೂರೂ ಸಾಲುವುದಿಲ್ಲ. ಜಾಬ್ ಓಡಿಸುವ ಇನ್ನೊಂದು ಲೈಬ್ರರಿ ಸೈಡ್‌ಕಿಕ್, ಜಾಬ್ ಕ್ಲಾಸಿನ ಹೆಸರನ್ನು ರೆಡಿಸ್ ಎಂಬ ಡೇಟಾಬೇಸ್‌ನಲ್ಲಿ ಬರೀ ಸ್ಟ್ರಿಂಗ್ ಆಗಿ ಇಡುತ್ತದೆ. ನೀವು ಕ್ಲಾಸಿನ ಹೆಸರು ಬದಲಿಸಿದರೆ ಕ್ಯೂನಲ್ಲಿ ಕಾಯುತ್ತಿರುವ ಹಳೆಯ ಜಾಬ್‌ಗಳು ಹಳೆಯ ಹೆಸರನ್ನೇ ಹುಡುಕುತ್ತವೆ. ರೀಟ್ರೈ ಪಟ್ಟಿ ಸೇರಿ ಎಲ್ಲ ಖಾಲಿಯಾಗುವವರೆಗೆ ಹಳೆಯ ಹೆಸರಿನ ಫೈಲನ್ನು ಉಳಿಸಿ, ಅದರಲ್ಲಿ ಹಳೆಯ ಹೆಸರನ್ನು ಹೊಸ ಕ್ಲಾಸಿಗೆ ಜೋಡಿಸುವ ಒಂದು ಸಾಲು ಇಡಿ.