ಕಾರ್ಲೆಯೋ ಭಾಜೆಯೋ: ಬನವಾಸಿ ಸೆಟ್ಟರ ಮಾತು ಹಿಡಿದು ಹೊರಟಿದ್ದು

ಮಹಾರಾಷ್ಟ್ರದ ಪುಣೆ ಕಡೆಯ ಕಾರ್ಲೆಯಲ್ಲಿ ಬಂಡೆ ಕೊರೆದ ಚೈತ್ಯದ, ಅಂದರೆ ಬೌದ್ಧರ ಪೂಜಾಮಂದಿರದ, ಮುಖಮಂಟಪದಲ್ಲಿ ಬ್ರಾಹ್ಮಿ ಅಕ್ಷರದಲ್ಲಿ ಒಂದು ಜಂಬ ಕೊರೆದಿದೆ. ವೇಜಯಂತಿಯ ಸೇಠಿ ಭೂತಪಾಲ ಮುಗಿಸಿಕೊಟ್ಟ ಈ ಕಲ್ಲುಮನೆ ಜಂಬೂದ್ವೀಪಕ್ಕೇ ಉತ್ತಮವಂತೆ. ವೇಜಯಂತಿ ಅಂದರೆ ನಮ್ಮ ಬನವಾಸಿ. ಶಿರಸಿಯವನಾದ ನಾನು ಊರ ಕಡೆಯ ಸೆಟ್ಟರ ಮಾತನ್ನು ಪರೀಕ್ಷೆ ಮಾಡದೆ ಬಿಡುವುದುಂಟೆ? ಪುಣೆಯಿಂದ ಲೋಕಲ್ ರೈಲು ಹತ್ತಿ ಮಳವಲಿಯಲ್ಲಿ ಇಳಿದೆ. ಹಳಿಯ ಒಂದು ಕಡೆ ಕಾರ್ಲೆ, ಇನ್ನೊಂದು ಕಡೆ ಅಂಥದ್ದೇ ಬೌದ್ಧ ಗುಹೆಗಳ ಭಾಜೆ. ಸೋಪಾರ, ಕಲ್ಯಾಣದ ಬಂದರುಗಳಿಂದ ಬೋರ್ ಘಾಟಿ ಹತ್ತಿದ ಸರಕು ಒಳನಾಡಿಗೆ ಹೋಗುತ್ತಿದ್ದದ್ದು ಇದೇ ಕಣಿವೆಯಲ್ಲಿ.

ಬೆಳಿಗ್ಗೆ ಕಾರ್ಲೆ. ಮೆಟ್ಟಿಲ ಉದ್ದಕ್ಕೂ ಹೂವು, ತೆಂಗಿನಕಾಯಿ ಅಂಗಡಿ. ಜನ ಬರುವುದು ಗುಹೆಗಲ್ಲ, ಚೈತ್ಯದ ಬಾಗಿಲೆದುರಿಗೇ ಇರುವ ಕೋಳಿ ಎಂಬ ಮೀನುಗಾರ ಸಮುದಾಯದ ಏಕವೀರಾ ದೇವಿಗೆ. ಆ ನೂಕುನುಗ್ಗಲು ದಾಟಿ ಒಳಗೆ ಕಾಲಿಟ್ಟರೆ ಮಾತು ನಿಂತುಹೋಗುತ್ತದೆ. ಬಂಡೆ ಕೊರೆದು ಮಾಡಿದ ಚೈತ್ಯಗಳಲ್ಲಿ ಇಷ್ಟು ದೊಡ್ಡದು ಭಾರತದಲ್ಲಿ ಬೇರೆ ಇಲ್ಲ. ಕಂಬಗಳ ತಲೆಯ ಮೇಲೆ ಆನೆ ಏರಿ ಕೂತ ಜೋಡಿಗಳು, ಕಮಾನಿಗೆ ಎರಡು ಸಾವಿರ ವರ್ಷದ ಮರದ ಪಕ್ಕೆಲುಬುಗಳು, ಸ್ತೂಪದ ನೆತ್ತಿಗೆ ಮರದ್ದೇ ಛತ್ರಿ. ಕಂಬಗಳಲ್ಲಿ ದಾನಿಗಳ ಹೆಸರಿವೆ. ಧೇನುಕಾಕಟ ಎಂಬ ಊರಿನ ಯವನರೂ (ಗ್ರೀಕರೆಂದು ಕರೆಸಿಕೊಂಡವರು) ಅವರಲ್ಲಿದ್ದಾರೆ. ಒಬ್ಬೊಬ್ಬರು ಒಂದೊಂದು ಕಂಬ ಕೊಟ್ಟು ಎಬ್ಬಿಸಿದ ಮನೆ, ನಮ್ಮೂರ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಹೆಸರು ಬರೆಸಿದ ಹಾಗೆ! ಆದರೆ ಹತ್ತು ನಿಮಿಷ ಸುಮ್ಮನೆ ಕೂರಲು ಬಿಡಲಿಲ್ಲ. ಹೊರಗೆ ಗಂಟೆ, ಒಳಗೆ ಸೆಲ್ಫಿ.

ಮಧ್ಯಾಹ್ನ ವಡಾಪಾವ್ ತಿಂದು ಭಾಜೆಗೆ ನಡೆದೆ. ಇದು ಕಾರ್ಲೆಗಿಂತ ಹಳೆಯದು, ಕ್ರಿ.ಪೂ. 2ನೇ ಶತಮಾನದ್ದು. 22 ಗುಹೆಗಳು, ನಾನು ಹೋದಾಗ ಒಟ್ಟು ಆರು ಜನ. ಚೈತ್ಯದ ಎದುರಿಗೆ ಗೋಡೆಯೇ ಇಲ್ಲ. ಮುಂದಿದ್ದ ಮರದ ಕೆಲಸವೆಲ್ಲ ಹೋಗಿ, ಲಾಳದಾಕಾರದ ಕಮಾನು ಬಾಯ್ತೆರೆದು ನಿಂತಿದೆ. ಅಲಂಕಾರವಿಲ್ಲದ ಎಂಟು ಮುಖದ ಕಂಬಗಳು ಒಳಕ್ಕೆ ವಾಲಿವೆ. ಮರದ ಮನೆಯಲ್ಲಿ ಭಾರ ತಡೆಯಲು ಹಾಗೆ ವಾಲಿಸುತ್ತಿದ್ದರು. ಕಲ್ಲಿಗೆ ಅದರ ಅಗತ್ಯವಿಲ್ಲ, ಆದರೂ ಬಡಗಿಯ ಕೈ ಅಭ್ಯಾಸ ಬಿಡಲಿಲ್ಲ. ನನಗೆ ಅತಿ ಇಷ್ಟವಾದದ್ದು ಇದೇ. ಪಕ್ಕದಲ್ಲಿ ತೀರಿಹೋದ ಭಿಕ್ಷುಗಳ 14 ಸ್ತೂಪಗಳು ಒತ್ತೊತ್ತಾಗಿವೆ. ದಕ್ಷಿಣದ ತುದಿಯ ವಿಹಾರದಲ್ಲಿ (ಭಿಕ್ಷುಗಳ ವಸತಿ) ರಥವೇರಿದ ಸೂರ್ಯ, ಆನೆಯೇರಿದ ಇಂದ್ರ ಎಂದು ಹೇಳುವ ಉಬ್ಬುಶಿಲ್ಪಗಳಿವೆ. ಅದನ್ನು ಬಿಟ್ಟು ಹಿಂದಿರುಗುವವರೇ ಹೆಚ್ಚು.

ಕಾಮ್‌ಶೇತ್ ಕಡೆಯ ಬೇಡ್ಸೆ ಗುಹೆಗಳನ್ನು ಬೇರೊಂದು ವಾರ ಹೋಗಿ ನೋಡಿದೆ. ಮುಂಭಾಗದ ಕಂಬಗಳು ಭರ್ಜರಿ, ದಾರಿ ಕೇಳಿದರೆ ಹೇಳುವವರಿಲ್ಲ.

ಗಾತ್ರ, ಕೆತ್ತನೆಯ ಲೆಕ್ಕದಲ್ಲಿ ಸೆಟ್ಟರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಒಂದೇ ಸಲ ಹೋಗುವವರು ಕಾರ್ಲೆಗೇ ಹೋಗಿ, ಆದರೆ ಭಾನುವಾರ, ನವರಾತ್ರಿ ಬೇಡ. ಮತ್ತೆ ಹೋಗಬೇಕೆನ್ನಿಸಿದರೆ ನಾನು ಇಳಿದು ತಿರುಗುವುದು ಭಾಜೆಯ ಕಡೆಗೇ, ಅದೂ ಮಳೆ ಬಿಟ್ಟ ಮೇಲೆ. ಮಳೆಗಾಲದಲ್ಲಿ ಜಲಪಾತಕ್ಕೆ ಬರುವ ಗುಂಪು ಅಲ್ಲಿಯೂ ಕೂರಲು ಬಿಡುವುದಿಲ್ಲ.