ಐದು ತಿಂಗಳ ಮುಧೋಳ ಮರಿಯನ್ನು ಬೈಕ್ ಹಿಂದೆ ಓಡಿಸಬೇಡಿ, ನಾನು ಓಡಿಸಿದ್ದೆ

ನಮ್ಮ ಮುಧೋಳ ನಾಯಿ ಕೆಂಚನ ಎಡ ಮುಂಗಾಲು ಸೊಟ್ಟ. ನೋಡಿದವರೆಲ್ಲ ಮೊದಲು ಕೇಳುವುದು ಒಂದೇ, ಗಾಡಿ ಹೊಡೆದಿತ್ತಾ ಅಂತ. ಗಾಡಿ ಹೊಡೆದಿಲ್ಲ, ಎಲ್ಲಿಂದಲೂ ಬಿದ್ದಿಲ್ಲ. ನಾನೇ ಮಾಡಿದ್ದು. ಪ್ರೀತಿ ಜಾಸ್ತಿಯಾಗಿಯೇ ಮಾಡಿದ್ದು, ಅದೇ ಬೇಜಾರು. ಈ ವರ್ಷ ನಮ್ಮ ಕಡೆ ಇನ್ನೂ ಮೂರು ಮನೆಗೆ ಮುಧೋಳ ಮರಿ ಬಂದಿವೆ, ಎರಡು ಮನೆಯ ಜಗಲಿಯಲ್ಲಿ ನಾನು ಕೆಂಚನಿಗೆ ಕುಡಿಸಿದ್ದ ಅದೇ ಕ್ಯಾಲ್ಸಿಯಂ ಬಾಟಲಿ ಕಣ್ಣಿಗೆ ಬಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ಮೂಡಿಗೆರೆ ತಾಲ್ಲೂಕು, ಗೋಣಿಬೀಡು ಕಡೆ ಸಣ್ಣ ಕಾಫಿ ತೋಟ. ಮನೆಗೆ ನಾಯಿ ಹೊಸದಲ್ಲ. ನಾನು ಹುಟ್ಟಿದಾಗಿನಿಂದ ಅಂಗಳದಲ್ಲಿ ಎರಡಾದರೂ ಇದ್ದೇ ಇವೆ, ಎಲ್ಲಾ ನಾಟಿ ನಾಯಿಗಳು. ಮಿಕ್ಕಿದ ಅನ್ನ ಸಾರು ತಿಂದು ಹತ್ತು ಹನ್ನೆರಡು ವರ್ಷ ಬಾಳಿದವು. ಒಂದನ್ನು ಮಾತ್ರ ಚಿರತೆ ಎತ್ತಿಕೊಂಡು ಹೋಯಿತು. ಹಾಗಾಗಿ ನಾಯಿ ಸಾಕುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂತ ಅಂದುಕೊಂಡಿದ್ದೆ.

2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಮುಧೋಳ ನಾಯಿಯ ಹೆಸರು ಹೇಳಿದ ಮೇಲೆ ಇದರ ಹುಚ್ಚು ಎಲ್ಲಾ ಕಡೆ ಹಬ್ಬಿತು ಅಲ್ವಾ, ನನಗೂ ಹಿಡಿಯಿತು. ಬಾಗಲಕೋಟೆ ಕಡೆಯ ಬೇಟೆ ನಾಯಿ, ಮುಧೋಳದ ಘೋರ್ಪಡೆ ಅರಸರು ಉಳಿಸಿ ಬೆಳೆಸಿದ ತಳಿ, 2005ರಲ್ಲಿ ಅಂಚೆ ಚೀಟಿ ಮೇಲೂ ಬಂದಿತ್ತು. ಇದನ್ನೆಲ್ಲ ಓದಿ ಓದಿ ತಲೆಗೆ ಏರಿಸಿಕೊಂಡೆ. ಮರಿಯನ್ನು ಹೇಗೆ ಬೆಳೆಸಬೇಕು ಅನ್ನುವುದನ್ನು ಮಾತ್ರ ಒಂದಕ್ಷರ ಓದಲಿಲ್ಲ.

2023ರ ಏಪ್ರಿಲ್. ವಾಟ್ಸಾಪ್‌ನಲ್ಲಿ ಸಿಕ್ಕ, ಮರಿ ಮಾರುವವನ ನಂಬರ್. ಹದಿನಾಲ್ಕು ಸಾವಿರ ಅಂದ, ಹನ್ನೆರಡಕ್ಕೆ ಒಪ್ಪಿಸಿದೆ. ಹಾಸನದಲ್ಲಿ ಬಸ್ ಸ್ಟ್ಯಾಂಡ್ ಹೊರಗೆ ಒಂದು ರಟ್ಟಿನ ಡಬ್ಬದಲ್ಲಿ ತಂದು ಕೊಟ್ಟ. "ನಲವತ್ತೈದು ದಿನ ಆಗೈತ್ರಿ ಸರ, ಇಂಜೆಕ್ಷನ್ ಎಲ್ಲಾ ಮುಗದೈತಿ" ಅಂದ. ಒಂದು ಪುಸ್ತಕವನ್ನೂ ಕೊಟ್ಟ. ಮಾರನೇ ದಿನ ನಮ್ಮ ಡಾಕ್ಟ್ರು ಬಾಯಿ ತೆರೆದು ನೋಡಿ, ದವಡೆ ಹಲ್ಲೇ ಸರಿಯಾಗಿ ಬಂದಿಲ್ಲ, ಇದಕ್ಕೆ ತಿಂಗಳು ತುಂಬಿದ್ದರೆ ಹೆಚ್ಚು ಅಂದರು. ಪುಸ್ತಕದಲ್ಲಿ ಲಸಿಕೆಯ ಹೆಸರು ಪೆನ್ನಿನಲ್ಲಿ ಬರೆದಿತ್ತು. ಬಾಟಲಿಯಿಂದ ಕಿತ್ತು ಅಂಟಿಸುವ ಚೀಟಿ ಇರಲಿಲ್ಲ, ಬ್ಯಾಚ್ ನಂಬರ್ ಇರಲಿಲ್ಲ. ಚೀಟಿ ಇಲ್ಲದ ಪುಸ್ತಕವನ್ನು ಖಾಲಿ ಪುಸ್ತಕ ಅಂತಲೇ ತಿಳಿದುಕೊಳ್ಳಿ. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗೇ ಇಲ್ಲ, ನಾಯಿ ಮರಿ ಮಾಡಿಸಿ ಮಾರುವವರಿಗೆ ಕೇಂದ್ರ ಸರ್ಕಾರ ಮಾಡಿದ 2017ರ ನಿಯಮ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ನನಗೆ ಆಗ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ಅದಕ್ಕೇ ಆಮೇಲೆ ಫೋನ್ ಎತ್ತಲಿಲ್ಲ.

ಜಂತು, ಭೇದಿ, ಎರಡು ರಾತ್ರಿ ಡ್ರಿಪ್. ಹೇಗೋ ಉಳಿದ. ಆ ಕತೆ ಉದ್ದ ಮಾಡಲ್ಲ, ಮುಖ್ಯ ವಿಷಯ ಅದಲ್ಲ.

ಮುಖ್ಯ ವಿಷಯ ಪಕ್ಕೆಲುಬು.

ಮುಧೋಳ ಮರಿ ಮೂರು ತಿಂಗಳಾದ ಮೇಲೆ ಕಡ್ಡಿ ಹಾಗೆ ಉದ್ದಕ್ಕೆ ಹೋಗುತ್ತದೆ. ಕಾಲು ಮಾತ್ರ ಬೆಳೆಯುತ್ತಿದೆಯೇನೋ ಅನ್ನಿಸುತ್ತದೆ. ಹೊಟ್ಟೆ ಒಳಗೆ, ಎದೆ ಆಳ, ಪಕ್ಕೆಲುಬು ಎಣಿಸಬಹುದು. ಅದರ ಮೈಯೇ ಹಾಗೆ. ಚೆನ್ನಾಗಿ ಬೆಳೆದ ದೊಡ್ಡ ನಾಯಿಗೂ ಮೂರು ನಾಲ್ಕು ಪಕ್ಕೆಲುಬು ತೆಳುವಾಗಿ ಕಾಣಲೇಬೇಕು. ಆದರೆ ನಮ್ಮ ಊರಲ್ಲಿ ಲ್ಯಾಬ್ರಡಾರ್ ನೋಡಿ ಅಭ್ಯಾಸ. ಮನೆಗೆ ಬಂದವರದ್ದೆಲ್ಲ ಒಂದೇ ರಾಗ. "ಎಂತ ಮಾರಾಯ, ನಾಯಿಗೆ ಅನ್ನ ಹಾಕಲ್ವಾ?" ತೋಟದ ಕೆಲಸಕ್ಕೆ ಬರುವವರು ಹೇಳಿದರು, ಅತ್ತೆ ಹೇಳಿದರು, ಹಾಲಿನ ಡೈರಿಯಲ್ಲಿ ಹೇಳಿದರು. ಒಂದು ದಿನ, ಎರಡು ದಿನ ನಗಬಹುದು. ತಿಂಗಳುಗಟ್ಟಲೆ ಕೇಳಿದರೆ ಯಾರಿಗಾದರೂ ಅವಮಾನ ಆಗುತ್ತದೆ.

ಪೇಟೆಯಲ್ಲಿ ಸಾಕುಪ್ರಾಣಿ ಸಾಮಾನಿನ ಒಂದು ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ಡಾಕ್ಟ್ರಿಗಿಂತ ಧೈರ್ಯವಾಗಿ ಮಾತಾಡಿದ. ದೊಡ್ಡ ಜಾತಿ ಸರ್, ಮೂಳೆಗೆ ಕ್ಯಾಲ್ಸಿಯಂ ಬೇಕೇ ಬೇಕು, ಇಲ್ಲದಿದ್ದರೆ ಕಾಲು ಸೊಟ್ಟ ಆಗುತ್ತೆ ಅಂದ. (ಹೌದು, ಇದೇ ಮಾತು ಹೇಳಿದ.) ಸಿರಪ್ಪು ದಿನಕ್ಕೆ ಎರಡು ಸಲ. ಅದರ ಮೇಲೆ ಪಪ್ಪಿ ಫುಡ್, ಅದರಲ್ಲಿ ಕ್ಯಾಲ್ಸಿಯಂ ಮೊದಲೇ ಲೆಕ್ಕ ಹಾಕಿ ಸೇರಿಸಿರುತ್ತಾರೆ. ಅದರ ಮೇಲೆ ಬೆಳಿಗ್ಗೆ ಸಂಜೆ ಹಾಲು. ಅದೂ ಸಾಲದು ಅಂತ ನಮ್ಮಮ್ಮ ಮೊಟ್ಟೆ ಚಿಪ್ಪನ್ನು ಒಣಗಿಸಿ ಮಿಕ್ಸಿಗೆ ಹಾಕಿ ಪುಡಿ ಮಾಡಿ ಅನ್ನಕ್ಕೆ ಉದುರಿಸುತ್ತಿದ್ದರು. ಒಂದು ಮರಿಗೆ ನಾಲ್ಕು ಕಡೆಯಿಂದ ಸುಣ್ಣ ಬಳಿದ ಹಾಗೆ.

ಮರಿಗೆ ಆರು ತಿಂಗಳವರೆಗೆ ಬೇಡದ ಕ್ಯಾಲ್ಸಿಯಂ ಅನ್ನು ಕರುಳಿನಲ್ಲೇ ತಡೆಯುವ ಶಕ್ತಿ ಸರಿಯಾಗಿ ಬಂದಿರುವುದಿಲ್ಲ. ದೊಡ್ಡ ನಾಯಿಯ ಮೈ ಸಾಕು ಅನ್ನುತ್ತದೆ, ಮರಿಯ ಮೈ ಸಾಕು ಅನ್ನುವುದಿಲ್ಲ. ಹಾಕಿದ್ದರಲ್ಲಿ ಬಹಳಷ್ಟು ಒಳಗೇ ಹೋಗುತ್ತದೆ. ಮೂಳೆಯ ತುದಿಯಲ್ಲಿ ಮೆತ್ತಗಿನ ಮೃದ್ವಸ್ಥಿ ಪದರ ಇರುತ್ತದೆ, ಮೂಳೆ ಉದ್ದ ಬೆಳೆಯುವುದೇ ಅಲ್ಲಿಂದ. ಕ್ಯಾಲ್ಸಿಯಂ ಅತಿಯಾದರೆ ಆ ಪದರ ಸರಿಯಾಗಿ ಮೂಳೆಯಾಗುವುದಿಲ್ಲ. ನೆದರ್ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ 1980ರ ದಶಕದಲ್ಲೇ ಗ್ರೇಟ್ ಡೇನ್ ಮರಿಗಳಿಗೆ ಜಾಸ್ತಿ ಕ್ಯಾಲ್ಸಿಯಂ ಕೊಟ್ಟು ನೋಡಿ ಇದನ್ನು ತೋರಿಸಿದ್ದಾರೆ. ಎತ್ತರಕ್ಕೆ ಬೆಳೆಯುವ ಎಲ್ಲಾ ಜಾತಿಗೂ ಈ ಭಯ ಇದೆ. ದೊಡ್ಡ ಜಾತಿ ಮರಿಗಳ ಆಹಾರದಲ್ಲಿ ನೀರಿನ ಅಂಶ ಬಿಟ್ಟು ಒಣ ತೂಕದ ಲೆಕ್ಕದಲ್ಲಿ ಕ್ಯಾಲ್ಸಿಯಂ 1.8% ಮೀರಬಾರದು ಅಂತ ಅಮೆರಿಕದಲ್ಲಿ ಮಿತಿ ಇದೆ. ಎಷ್ಟಿದೆ ಅಂತ ಚೀಲದ ಹಿಂದೆ ಬರೆದಿರುತ್ತದೆ, ಓದಿ. ಹಾಗಂತ ಬರೀ ಅನ್ನ ಮಾಂಸ ಹಾಕಿ ಸುಮ್ನೆ ಇದ್ದರೂ ತಪ್ಪೇ, ಅದರಲ್ಲಿ ಕ್ಯಾಲ್ಸಿಯಂ ಸಾಲುವುದಿಲ್ಲ. ಮನೆ ಊಟವೇ ಹಾಕುತ್ತೀರಿ ಅಂದರೆ ಎಷ್ಟು ಸೇರಿಸಬೇಕು ಅಂತ ಡಾಕ್ಟ್ರ ಹತ್ತಿರ ತೂಕ ಹೇಳಿ ಲೆಕ್ಕ ಕೇಳಿ. ಪಪ್ಪಿ ಫುಡ್ ಹಾಕುತ್ತಿದ್ದರೆ ಮೇಲಿಂದ ಒಂದು ಹನಿಯೂ ಬೇಡ.

ಇಷ್ಟರಲ್ಲೇ ನಿಂತಿದ್ದರೆ ಏನಾಗುತ್ತಿತ್ತೋ. ನಾನು ನಿಲ್ಲಲಿಲ್ಲ.

ಆ ವರ್ಷ ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತ್ತು, ನೆನಪಿರಬಹುದು. ಬೇರೆ ವರ್ಷ ಆಗಿದ್ದರೆ ಆ ತಿಂಗಳು ನಮ್ಮ ಕಡೆ ಮನೆಯಿಂದ ಹೊರಗೆ ಬೀಳುವುದೇ ಕಷ್ಟ, ಜಿಗಣೆ ಬೇರೆ. ಆ ಸಲ ರಸ್ತೆ ಒಣಗಿತ್ತು. ಕೆಂಚನಿಗೆ ಐದು ತಿಂಗಳು. ಬೇಟೆ ನಾಯಿ ಅಲ್ವಾ, ಓಡಲೇಬೇಕು ಅಂತ ಬೈಕಿಗೆ ಹಗ್ಗ ಕಟ್ಟಿ ತೋಟದ ಗೇಟಿನಿಂದ ಟಾರ್ ರಸ್ತೆಯವರೆಗೆ ಓಡಿಸಲು ಶುರು ಮಾಡಿದೆ, ಹೋಗಿ ಬಂದರೆ ಐದು ಕಿಲೋಮೀಟರ್, ವಾರಕ್ಕೆ ಐದಾರು ದಿನ, ಕೆಲವು ದಿನ ಸಂಜೆಯೂ. ಹಿಂದೆ ಕೂತ ತಮ್ಮ ವಿಡಿಯೋ ಮಾಡುತ್ತಿದ್ದ. ಸ್ಟೇಟಸ್‌ಗೆ ಹಾಕಿದ್ದೆ. ಪಕ್ಕೆಲುಬು ಎಣಿಸಿದವರೇ ಭಲೇ ಅಂದರು.

ಕೆಂಚನೂ ಖುಷಿಯಿಂದಲೇ ಓಡುತ್ತಿದ್ದ. ಮೋಸ ಹೋಗುವುದು ಅಲ್ಲೇ. ಓಡುವುದಕ್ಕೇ ಹುಟ್ಟಿದ ಜಾತಿ, ನೋವಾದರೂ ನಿಲ್ಲುವುದಿಲ್ಲ, ಮುಂದೆ ಬೈಕ್ ಹೋಗುತ್ತಿದ್ದರೆ ಹಿಂದೆ ಬರುತ್ತದೆ. ಅದೇ ಮರಿಯನ್ನು ಅಂಗಳದಲ್ಲಿ ಬಿಟ್ಟರೆ ಐದು ನಿಮಿಷ ಹುಚ್ಚು ಹಿಡಿದ ಹಾಗೆ ಸುತ್ತುತ್ತದೆ, ಆಮೇಲೆ ತಾನೇ ಧೊಪ್ ಅಂತ ಬಿದ್ದುಕೊಳ್ಳುತ್ತದೆ. ಮರಿಗೆ ಬೇಕಾದ ವ್ಯಾಯಾಮ ಅಷ್ಟೇ, ಮಣ್ಣಿನ ಮೇಲೆ, ತನಗೆ ಇಷ್ಟ ಬಂದಷ್ಟು ಹೊತ್ತು. ಹಗ್ಗ ಕಟ್ಟಿ ಓಡಿಸುವುದು, ಜೀಪಿನಿಂದ ಕೆಳಗೆ ಹಾರಿಸುವುದು, ಕಾಫಿ ಕಣದ ಕಟ್ಟೆ ಹತ್ತಿಸಿ ಇಳಿಸುವುದು, ಇದೆಲ್ಲ ವರ್ಷ ತುಂಬಿ ಮೂಳೆ ಬಲಿಯುವವರೆಗೆ ಬೇಡವೇ ಬೇಡ. ನಮ್ಮ ಮನೆಯ ಕೆಂಪು ಗಾರೆ ನೆಲದ ಮೇಲೆ ಅವನು ಜಾರಿ ಕಾಲು ಅಗಲಿಸುತ್ತಿದ್ದುದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು. ಗೋಣಿಚೀಲ ಹಾಸಿದ್ದರೆ ಆಗುತ್ತಿತ್ತು. ಕಾಫಿ ತೋಟದಲ್ಲಿ ಗೋಣಿಚೀಲಕ್ಕೆ ಬರವೇ?

ಸೆಪ್ಟೆಂಬರ್ ಕೊನೆಗೆ ಬೆಳಿಗ್ಗೆ ಎದ್ದಾಗ ಕುಂಟುತ್ತಿದ್ದ. ಸ್ವಲ್ಪ ಹೊತ್ತಿಗೆ ಸರಿಯಾಗುತ್ತಿತ್ತು. ಎಡ ಪಂಜ ಹೊರಗೆ ತಿರುಗಿದ ಹಾಗೆ ಕಂಡಿತು. ನಾಯಿ ಬಲ್ಲವರು ಅಂತ ಹೆಸರಾದ ಒಬ್ಬರು ಹಿರಿಯರು, ಅದು ತಳಿಯ ಗುಣ, ಎಣ್ಣೆ ಹಚ್ಚಿ ತಿಕ್ಕು ಸರಿಯಾಗುತ್ತೆ ಅಂದರು. ತಿಕ್ಕಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಕೇಳಿದ್ದಕ್ಕೆ ಹೇಳಿದರು. ಆದರೆ ಮೂರು ವಾರ ಹೋಯಿತು.

ನಡುವೆ ಇನ್ನೊಂದು ದಡ್ಡತನ. ಒಂದು ರಾತ್ರಿ ತುಂಬಾ ನರಳಿದ ಅಂತ ಮನೆಯಲ್ಲಿದ್ದ ಐಬುಪ್ರೊಫೆನ್ ಮಾತ್ರೆ ಅರ್ಧ ಮುರಿದು ಬೆಲ್ಲದ ಜೊತೆ ಕೊಟ್ಟೆ, ಮಾರನೇ ದಿನವೂ ಕೊಟ್ಟೆ. ವಾಂತಿ, ಆಮೇಲೆ ಟಾರಿನ ಹಾಗೆ ಕಪ್ಪು ಕಕ್ಕಸು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ನಮಗೆ ಕೊಡುವ ನೋವಿನ ಮಾತ್ರೆ, ಐಬುಪ್ರೊಫೆನ್ ಆಗಲಿ ಡೈಕ್ಲೋಫೆನಾಕ್ ಆಗಲಿ, ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಯನ್ನೂ ಕೆಡಿಸಬಹುದು. ನಾಯಿಗೇ ಅಂತ ಬೇರೆ ಮಾತ್ರೆ ಇವೆ, ಡಾಕ್ಟ್ರು ಬರೆದುಕೊಡುತ್ತಾರೆ.

ಆ ಕಪ್ಪು ಕಕ್ಕಸು ನೋಡಿ ಹೆದರಿದ್ದಕ್ಕೇ ಕಾಲಿನ ವಿಷಯವೂ ಹೊರಗೆ ಬಂತು. ಬೇಲೂರು ಮೇಲೆ ಹಾಸನಕ್ಕೆ ಕರೆದುಕೊಂಡು ಹೋಗಿ ಎರಡೂ ಮುಂಗಾಲಿನ ಎಕ್ಸ್‌ರೇ ತೆಗೆಸಿದೆವು. ಡಾಕ್ಟ್ರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ಕೇಳಿದರು, "ಬಿಲ್ಲು ನೋಡಿದ್ದೀರಲ್ಲ?" ಮುಂಗಾಲಿನಲ್ಲಿ ಎರಡು ಮೂಳೆ ಜೊತೆಯಾಗಿ ಬೆಳೆಯುತ್ತವೆ. ಹಿಂದಿನದು, ಅಲ್ನಾ ಅನ್ನುತ್ತಾರೆ, ಅದರ ಉದ್ದದಲ್ಲಿ ಸುಮಾರು 85% ಬೆಳೆಯುವುದು ಮಣಿಕಟ್ಟಿನ ಹತ್ತಿರದ ಒಂದೇ ಪದರದಿಂದ. ಆ ಪದರ ಲಾಳಿಕೆ ಹಾಗೆ ಚೂಪು, ಪೆಟ್ಟಾದರೆ ಪಕ್ಕಕ್ಕೆ ಸರಿಯುವುದಿಲ್ಲ, ಅಲ್ಲೇ ಜಜ್ಜಿ ಹೋಗುತ್ತದೆ. ಕೆಂಚನದ್ದು ಬೆಳೆಯುವುದನ್ನೇ ನಿಲ್ಲಿಸಿತ್ತು. ಮುಂದಿನ ಮೂಳೆ ಮಾತ್ರ ಬೆಳೆಯುತ್ತಲೇ ಇತ್ತು. ಹಿಂದೆ ಹೆದೆ ಬಿಗಿದಿದೆ, ಮುಂದೆ ಕೋಲು ಉದ್ದ ಆಗುತ್ತಿದೆ, ಬಾಗದೆ ಇನ್ನೇನು ಮಾಡುತ್ತದೆ?

ಕ್ಯಾಲ್ಸಿಯಮ್ಮಾ, ಓಟಾನಾ ಅಂತ ಕೇಳಿದೆ. ಯಾವುದು ಎಷ್ಟು ಅಂತ ಎಕ್ಸ್‌ರೇ ಹೇಳಲ್ಲ, ಎರಡನ್ನೂ ಇವತ್ತೇ ನಿಲ್ಲಿಸಿ ಅಂದರು.

ಆಪರೇಷನ್ ಬೆಂಗಳೂರಿನಲ್ಲಿ ಆಯಿತು. ಅಲ್ನಾದ ಒಂದು ತುಂಡನ್ನು ಕತ್ತರಿಸಿ ತೆಗೆದು, ಮತ್ತೆ ಕೂಡಿಕೊಳ್ಳದ ಹಾಗೆ ನಡುವೆ ಕೊಬ್ಬು ಇಡುತ್ತಾರೆ. ಹೆದೆ ಕತ್ತರಿಸಿದ ಹಾಗೆ. ಮುಂದಿನ ಮೂಳೆಗೆ ಬೆಳವಣಿಗೆ ಉಳಿದಿದ್ದರೆ ತಾನೇ ಸ್ವಲ್ಪ ನೆಟ್ಟಗಾಗುತ್ತದೆ. ಎಷ್ಟು ಬೇಗ ಮಾಡಿಸಿದರೆ ಅಷ್ಟು ಲಾಭ. ನಾವು ಏಳು ತಿಂಗಳು ದಾಟಿ ಹೋಗಿದ್ದೆವು, ಅರ್ಧ ನೆಟ್ಟಗಾಯಿತು. ಅರಿವಳಿಕೆ ಕೊಡುವ ಮೊದಲು ಇದು ಮುಧೋಳ ಅಂತ ಬಾಯಿಬಿಟ್ಟು ಹೇಳಿ. ಮೈಯಲ್ಲಿ ಕೊಬ್ಬಿಲ್ಲದ ಈ ಬೇಟೆ ಜಾತಿಗಳಿಗೆ ಥಯೋಪೆಂಟಾಲ್ ತರಹದ ಹಳೇ ಔಷಧದಿಂದ ಎಚ್ಚರ ಬರುವುದು ತುಂಬಾ ತಡ, ಅಪಾಯವೂ ಹೌದು. ಖರ್ಚು ಕೇಳಬೇಡಿ. ಆ ವರ್ಷದ ಮೆಣಸಿನ ದುಡ್ಡು ಹೋಯಿತು ಅಂತ ಇಟ್ಟುಕೊಳ್ಳಿ.

ಈಗ ಕೆಂಚ ಓಡುತ್ತಾನೆ, ಆದರೆ ಮೊಲದ ಹಿಂದೆ ಓಡುವ ಓಟ ಅಲ್ಲ. ಆಷಾಢದಲ್ಲಿ ಚಳಿ ಹಿಡಿದರೆ ಬಚ್ಚಲು ಒಲೆ ಬಿಟ್ಟು ಏಳುವುದಿಲ್ಲ. ಬಯಲುಸೀಮೆ ನಾಯಿ, ಮೈ ಮೇಲೆ ಕೂದಲೂ ತೆಳು, ಮಲೆನಾಡಿನ ಮಳೆಗೆ ಮೊದಲೇ ನಡುಗುತ್ತದೆ, ಅದರ ಮೇಲೆ ಈ ಕಾಲು. ಮರಿ ಬೇಕೇ ಬೇಕು ಅನ್ನುವವರು ಮೊದಲು ಈ ಚಳಿಯನ್ನೂ ಯೋಚನೆ ಮಾಡಿ. ಆಮೇಲೂ ಬೇಕು ಅನ್ನಿಸಿದರೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ರಟ್ಟಿನ ಡಬ್ಬದಿಂದ ಮಾತ್ರ ತರಬೇಡಿ.

ಈಗಾಗಲೇ ಮರಿ ತಂದಾಗಿದೆ ಅನ್ನುವವರು ಒಂದು ಕೆಲಸ ಮಾಡಿ. ಪ್ರತಿ ಭಾನುವಾರ ಒಂದೇ ಜಾಗದಲ್ಲಿ ನಿಲ್ಲಿಸಿ ಎದುರಿನಿಂದ ಮುಂಗಾಲಿನ ಫೋಟೋ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಬಾಗುವುದು ಗೊತ್ತಾಗುವುದಿಲ್ಲ. ಆಪರೇಷನ್ ಆದ ಮೇಲೆ ಒಂದು ಸಂಜೆ ಸುಮ್ನೆ ಫೋನ್ ಜಾಲಾಡುತ್ತಿದ್ದೆ. ಗಣೇಶನ ಹಬ್ಬದ ಫೋಟೋ ಸಿಕ್ಕಿತು, ಮಕ್ಕಳು ಕೆಂಚನ ಕೊರಳಿಗೆ ಸೇವಂತಿಗೆ ಹಾರ ಹಾಕಿ ಮೆಟ್ಟಿಲ ಮೇಲೆ ನಿಲ್ಲಿಸಿದ್ದರು. ಎಡ ಪಂಜ ಆಗಲೇ ಹೊರಗೆ ತಿರುಗಿದೆ. ಅವನು ಕುಂಟಲು ಶುರು ಮಾಡಿದ್ದು ಅದಾಗಿ ಹತ್ತು ದಿನಕ್ಕೆ. ಆ ಹತ್ತು ದಿನವೂ ನಾನು ಬೈಕ್ ತೆಗೆದಿದ್ದೆ, ಅದರ ವಿಡಿಯೋ ಕೂಡ ಅದೇ ಫೋನಲ್ಲಿ ಇದೆ.