ಸೈನ್ಸ್ ಫಿಕ್ಷನ್ ಪತ್ರಿಕೆಯ ಡಿಜಿಟಲ್ ಸಂಚಿಕೆ: ಎಲ್ಲಿ ಮಾರಿದರೆ ಏನು ಕೈಗೆ ಬರುತ್ತದೆ?

ಪುಸ್ತಕ ಮಾರಿದರೆ ಅಲ್ಲಿಗೆ ವ್ಯವಹಾರ ಮುಗಿಯಿತು. ಪತ್ರಿಕೆ ಹಾಗಲ್ಲ. ಈ ಸಂಚಿಕೆ ಕೊಂಡವರು ಮುಂದಿನದ್ದಕ್ಕೂ ಬರಬೇಕು. ನಮ್ಮ ಪತ್ರಿಕೆ ಎರಡು ತಿಂಗಳಿಗೊಮ್ಮೆ ಬರುವಂಥದ್ದು. ಅದನ್ನು ಅಮೆಜಾನ್‌ನ ಇ-ಪುಸ್ತಕದ ಅಂಗಡಿ ಕಿಂಡಲ್, ಓದುಗರಿಗೆ ನೇರವಾಗಿ ಫೈಲ್ ಮಾರುವ ತಾಣ ಗಮ್‌ರೋಡ್, ಅಭಿಮಾನಿಗಳು ತಿಂಗಳು ತಿಂಗಳು ದುಡ್ಡು ಕೊಡುವ ತಾಣ ಪೇಟ್ರಿಯಾನ್, ಮೂರರಲ್ಲೂ ಮಾರಿ ನೋಡಿದ್ದೇನೆ. ಎಲ್ಲ ಕಡೆಯೂ ಎರಡೇ ಪ್ರಶ್ನೆ ಕೇಳಿಕೊಂಡೆ. ಒಂದು ಪ್ರತಿಗೆ ಎಷ್ಟು ಉಳಿಯುತ್ತದೆ? ಕೊಂಡವರ ಇಮೇಲ್ ವಿಳಾಸ ನಮಗೆ ಸಿಗುತ್ತದಾ? ಇವೆರಡರಲ್ಲಿ ಎರಡನೆಯದೇ ಮುಖ್ಯ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕಿಂಡಲ್. ಓದುಗರು ಜಾಸ್ತಿ ಇರುವುದು ಅಲ್ಲೇ, ಅನುಮಾನವಿಲ್ಲ. ಬೆಲೆ 2.99ರಿಂದ 9.99 ಡಾಲರ್ ಒಳಗಿದ್ದರೆ 70% ರಾಯಲ್ಟಿ ಆರಿಸಿಕೊಳ್ಳಬಹುದು. ಅದರ ಹೊರಗಿದ್ದರೆ 35% ಮಾತ್ರ. ಆದರೆ ಆ 70% ಲೆಕ್ಕದಲ್ಲಿ, ಫೈಲನ್ನು ಓದುಗರಿಗೆ ತಲುಪಿಸಲು ಡೆಲಿವರಿ ಖರ್ಚು ಅಂತ ಒಂದಿದೆ. ಅಮೆರಿಕದ ಕಿಂಡಲ್ ಅಂಗಡಿಯಲ್ಲಿ ಒಂದು ಎಂಬಿಗೆ 15 ಸೆಂಟ್. ಬರೀ ಅಕ್ಷರಗಳಿರುವ ಕಾದಂಬರಿಗೆ ಇದು ಏನೇನೂ ಅಲ್ಲ. ಪತ್ರಿಕೆಯಲ್ಲಿ ಮುಖಪುಟ ಇರುತ್ತದೆ, ಕಥೆಗೊಂದು ಚಿತ್ರ ಇರುತ್ತದೆ, ಕಲಾವಿದರು ದೊಡ್ಡ ಫೈಲ್ ಕಳಿಸಿರುತ್ತಾರೆ. ಸಂಚಿಕೆ 10 ಎಂಬಿ ಆಯಿತು ಅಂದುಕೊಳ್ಳಿ. 2.99ರಲ್ಲಿ ಮೊದಲು 1.50 ಡೆಲಿವರಿಗೆ ಹೋಗುತ್ತದೆ. ಉಳಿದ 1.49ರಲ್ಲಿ 70% ಅಂದರೆ 1.04 ಡಾಲರ್. 35% ಆಯ್ಕೆಗೆ ಡೆಲಿವರಿ ಖರ್ಚಿಲ್ಲ, ಅಲ್ಲಿ ಸಿಗುವುದು 1.05. ಎರಡೂ ಒಂದೇ ಆಯಿತು, ಅಲ್ವಾ? ಅದೇ ಸಂಚಿಕೆಯನ್ನು 2 ಎಂಬಿಗೆ ಇಳಿಸಿದರೆ ಕೈಗೆ 1.88 ಬರುತ್ತದೆ. ಚಿತ್ರಗಳ ಗಾತ್ರ ಇಳಿಸುವ ಒಂದು ಸಂಜೆಯ ಕೆಲಸಕ್ಕೆ ಪ್ರತಿಯೊಂದು ಪ್ರತಿಯ ಮೇಲೂ ಇಷ್ಟು ವ್ಯತ್ಯಾಸ.

ಈ ಚಿಲ್ಲರೆಗೆ ಇಷ್ಟು ಲೆಕ್ಕ ಯಾಕೆ ಅನ್ನಿಸಬಹುದು. ಅಮೆರಿಕದ ಸೈನ್ಸ್ ಫಿಕ್ಷನ್ ಲೇಖಕರ ಸಂಘ 2019ರಲ್ಲಿ ವೃತ್ತಿಪರ ಸಂಭಾವನೆಯ ಕನಿಷ್ಠ ಮಟ್ಟವನ್ನು ಪದಕ್ಕೆ 8 ಸೆಂಟ್‌ಗೆ ಏರಿಸಿತು. ಆ ದರದಲ್ಲಿ 4000 ಪದಗಳ ಒಂದು ಕಥೆಗೆ 320 ಡಾಲರ್ ಕೊಡಬೇಕು. ಪ್ರತಿಗೆ 1.04 ಬಂದರೆ, ಆ ಒಂದೇ ಕಥೆಯ ದುಡ್ಡು ಹುಟ್ಟಲು 308 ಪ್ರತಿ ಹೋಗಬೇಕು. 1.88 ಬಂದರೆ 171 ಸಾಕು. ಲೇಖಕರಿಗೆ ಕೊಡುವ ದುಡ್ಡು ಹುಟ್ಟುವುದು ಇಂಥ ಕಡೆಯೇ.

ತಿಂಗಳ ಶುಲ್ಕ ಕಟ್ಟಿದವರು ಅದರಲ್ಲಿರುವುದನ್ನು ಬೇಕಾದಷ್ಟು ಓದಬಹುದಾದ ಕಿಂಡಲ್ ಅನ್‌ಲಿಮಿಟೆಡ್ ಬಗ್ಗೆಯೂ ಯೋಚಿಸಿದೆವು. ಸ್ವಂತವಾಗಿ ಪ್ರಕಟಿಸುವವರು ಅದಕ್ಕೆ ಅಮೆಜಾನ್‌ನ ಕೆಡಿಪಿ ಸೆಲೆಕ್ಟ್ ಅನ್ನುವ ಯೋಜನೆಯ ಮೂಲಕ ಹೋಗಬೇಕು. ಹೋದರೆ 90 ದಿನ ಆ ಡಿಜಿಟಲ್ ಬರಹ ಬೇರೆಲ್ಲೂ ಇರಕೂಡದು. ನಮ್ಮ ಕಥೆಗಳು ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಹಾಗಾಗಿ ಆ ಬಾಗಿಲು ನಮಗಿಲ್ಲ.

ಇನ್ನು ವಿಳಾಸದ ವಿಷಯ. ಕಿಂಡಲ್‌ನಲ್ಲಿ ಕೊಂಡವರು ಯಾರು ಅಂತ ಪ್ರಕಾಶಕರಿಗೆ ಗೊತ್ತಾಗುವುದಿಲ್ಲ. ಇದರ ಬಿಸಿ ಏನು ಅಂತ ಇಡೀ ಸೈನ್ಸ್ ಫಿಕ್ಷನ್ ಪತ್ರಿಕಾಲೋಕಕ್ಕೆ 2023ರಲ್ಲಿ ತಟ್ಟಿತು. ಅಲ್ಲಿಯವರೆಗೆ ಅಮೆಜಾನ್ ಕಿಂಡಲ್ ನ್ಯೂಸ್‌ಸ್ಟ್ಯಾಂಡ್‌ನಲ್ಲಿ ಪತ್ರಿಕೆಗಳಿಗೆ ಚಂದಾ ಕಟ್ಟಬಹುದಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅದು ಮುಚ್ಚಿತು. ಕೆಲವು ಪತ್ರಿಕೆಗಳಿಗೆ ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ ಜಾಗ ಸಿಕ್ಕಿತು. ಆದರೆ ವರ್ಷಗಟ್ಟಲೆ ಚಂದಾ ಕಟ್ಟಿದ್ದ ಓದುಗರಿಗೆ ನೇರವಾಗಿ ಒಂದು ಪತ್ರ ಬರೆಯಲು ಪತ್ರಿಕೆಗಳ ಬಳಿ ವಿಳಾಸವೇ ಇರಲಿಲ್ಲ. ಅಮೆರಿಕದ ಸೈನ್ಸ್ ಫಿಕ್ಷನ್ ಪತ್ರಿಕೆ ಕ್ಲಾರ್ಕ್ಸ್‌ವರ್ಲ್ಡ್‌ನ ಸಂಪಾದಕ ನೀಲ್ ಕ್ಲಾರ್ಕ್ ಓದುಗರಿಗೆ ಬಹಿರಂಗವಾಗಿಯೇ ಮನವಿ ಮಾಡಬೇಕಾಯಿತು, ದಯವಿಟ್ಟು ಬೇರೆ ಕಡೆ ಚಂದಾ ಮಾಡಿಸಿ ಅಂತ. ಅಷ್ಟು ಹೆಸರು ಮಾಡಿದ ಪತ್ರಿಕೆಗೇ ಹೀಗಾದರೆ ಸಣ್ಣವರ ಪಾಡೇನು?

ಗಮ್‌ರೋಡ್‌ಗೆ ಬಂದಾಗ ನನಗೆ ಸಮಾಧಾನ ಸಿಕ್ಕಿದ್ದು ಇಲ್ಲೇ. ಕೊಂಡ ಪ್ರತಿಯೊಬ್ಬರ ಇಮೇಲ್ ನಮ್ಮ ಪಟ್ಟಿಗೆ ಬರುತ್ತದೆ. ಹೊಸ ಸಂಚಿಕೆ ಸಿದ್ಧವಾದ ದಿನವೇ ಅವರಿಗೆ ತಿಳಿಸಬಹುದು. ಶುಲ್ಕ ನೋಡಿ: ನಮ್ಮ ಕೊಂಡಿಯಿಂದ ಬಂದವರು ಕೊಂಡರೆ 10% ಮತ್ತು ಪ್ರತಿ ಮಾರಾಟಕ್ಕೆ 50 ಸೆಂಟ್, ಪಾವತಿ ವೆಚ್ಚ ಬೇರೆ. ಗಮ್‌ರೋಡ್‌ನದೇ ಮಾರುಕಟ್ಟೆಯಾದ ಡಿಸ್ಕವರ್ ಪುಟದಿಂದ ಬಂದ ಗ್ರಾಹಕರಾದರೆ 30%. ಆ 50 ಸೆಂಟ್ ಇದೆಯಲ್ಲ, ಬಿಡಿ ಸಂಚಿಕೆಗೆ ಅದೇ ಹೊರೆ. 2.99ರ ಸಂಚಿಕೆಯಲ್ಲಿ ಪಾವತಿ ವೆಚ್ಚ ಬಿಟ್ಟೇ ಹೆಚ್ಚುಕಮ್ಮಿ 80 ಸೆಂಟ್ ಶುಲ್ಕಕ್ಕೇ ಹೋಗುತ್ತದೆ, ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ. ಆರು ಸಂಚಿಕೆಗಳ, ಅಂದರೆ ಒಂದು ವರ್ಷದ, ಕಟ್ಟನ್ನು 15 ಡಾಲರ್‌ಗೆ ಕೊಟ್ಟರೆ ಆ ಶುಲ್ಕ ಬರೀ 2 ಡಾಲರ್. ಓದುಗರಿಗೂ ಅಗ್ಗ, ನಮಗೂ ಲಾಭ. ಅದಕ್ಕೇ ಅಲ್ಲಿ ಬಿಡಿ ಸಂಚಿಕೆಯನ್ನು ಕೆಳಗೆ ತಳ್ಳಿ, ವರ್ಷದ ಚಂದಾವನ್ನು ಮೇಲಿಟ್ಟಿದ್ದೇವೆ.

ನೇರ ಮಾರಾಟ ಅಂದಮೇಲೆ ನಮ್ಮದೇ ವೆಬ್‌ಸೈಟಿನಲ್ಲಿ ಪೇಮೆಂಟ್ ಗೇಟ್‌ವೇ ಹಾಕಿದರೆ ಆಗದಾ? ಆಗುತ್ತದೆ. ಕಷ್ಟ ಇರುವುದು ತೆರಿಗೆಯಲ್ಲಿ. ಯುರೋಪಿಯನ್ ಒಕ್ಕೂಟದಲ್ಲಿ 2015ರಿಂದ ಡಿಜಿಟಲ್ ಸರಕಿಗೆ ಕೊಳ್ಳುವವರ ದೇಶದ ದರದಲ್ಲಿ ವ್ಯಾಟ್ ಕಟ್ಟಬೇಕು. ಇಬ್ಬರು ಮೂವರು ಸೇರಿ ನಡೆಸುವ ಪತ್ರಿಕೆಗೆ ಇದು ತಲೆನೋವು. ಗಮ್‌ರೋಡ್ 2025ರ ಜನವರಿಯಿಂದ ಈ ತೆರಿಗೆಗಳನ್ನು ತಾನೇ ವಸೂಲಿ ಮಾಡಿ ಕಟ್ಟುತ್ತಿದೆ. ಅದು ತೆಗೆದುಕೊಳ್ಳುವ ಶುಲ್ಕ ನನಗೆ ಭಾರ ಅನ್ನಿಸದಿರುವುದು ಇದೇ ಕಾರಣಕ್ಕೆ.

ಪೇಟ್ರಿಯಾನ್ ಬೇರೆಯೇ ಸ್ವಭಾವದ್ದು. ಅಲ್ಲಿ ಜನ ಸಂಚಿಕೆ ಕೊಳ್ಳುವುದಿಲ್ಲ, ಪತ್ರಿಕೆ ಉಳಿಯಲಿ ಅಂತ ತಿಂಗಳು ತಿಂಗಳು ದುಡ್ಡು ಕೊಡುತ್ತಾರೆ. 2025ರ ಆಗಸ್ಟ್ ನಂತರ ಅಲ್ಲಿ ಪುಟ ತೆರೆದ ಪತ್ರಿಕೆಗಳಿಗೆ ಶುಲ್ಕ 10%, ಪಾವತಿ ವೆಚ್ಚ ಬೇರೆ. ಸದಸ್ಯರ ಇಮೇಲ್ ಸಿಗುತ್ತದೆ. ಬರುವ ತಿಂಗಳು ಎಷ್ಟು ಬರಬಹುದು ಅಂತ ಅಂದಾಜು ಸಿಗುವುದರಿಂದ ಕಥೆ ಒಪ್ಪಿಕೊಳ್ಳುವಾಗ ಧೈರ್ಯ ಇರುತ್ತದೆ. ಆದರೆ ಸಂಚಿಕೆ ಇಲ್ಲದ ತಿಂಗಳಲ್ಲೂ ದುಡ್ಡು ತೆಗೆದುಕೊಳ್ಳುತ್ತಿರುತ್ತೇವೆ. ಸುಮ್ನೆ ಕೂತರೆ ಸದಸ್ಯರು ಒಬ್ಬೊಬ್ಬರಾಗಿ ಜಾರುತ್ತಾರೆ. ಮುಖಪುಟದ ಕರಡು, ಲೇಖಕರ ಜೊತೆ ಮಾತುಕತೆ, ಹೀಗೆ ಏನಾದರೂ ಕೊಡುತ್ತಲೇ ಇರಬೇಕು. ತಿಂಗಳ ಪತ್ರಿಕೆಗೆ ಇದು ಚೆನ್ನಾಗಿ ಒಗ್ಗುತ್ತದೆ. ತ್ರೈಮಾಸಿಕಕ್ಕೆ ನಾನು ಹೇಳುವುದಿಲ್ಲ.

ವೆಬ್‌ನಲ್ಲಿ ಉಚಿತ ಇದ್ದರೆ ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ? ಕೊಳ್ಳುತ್ತಾರೆ, ಮೊದಲು ಸಿಕ್ಕರೆ. ಅನ್‌ಕ್ಯಾನಿ ಪತ್ರಿಕೆ ಇ-ಸಂಚಿಕೆ ಕೊಂಡವರಿಗೆ ಎಲ್ಲವನ್ನೂ ಮೊದಲ ದಿನವೇ ಕೊಟ್ಟು, ವೆಬ್‌ನಲ್ಲಿ ಅರ್ಧ ಈಗ, ಇನ್ನರ್ಧ ಒಂದು ತಿಂಗಳ ನಂತರ ಹಾಕುತ್ತದೆ. ನಾವೂ ಹಾಗೇ ಮಾಡುತ್ತೇವೆ. ಒಂದು ಎಚ್ಚರಿಕೆ: ಬಿಡುಗಡೆಯ ದಿನವನ್ನು ಅಂಗಡಿಯ ಮೇಲೆ ಬಿಡಬೇಡಿ. ಒಂದು ಕಡೆ ನಮ್ಮ ಸಂಚಿಕೆ ಪರಿಶೀಲನೆಯಲ್ಲೇ ಸಿಕ್ಕಿಕೊಂಡು, ವೆಬ್‌ನಲ್ಲಿ ಕಥೆ ಬಂದಮೇಲೆ ಮಾರಾಟಕ್ಕೆ ಬಂತು. ನೇರವಾಗಿ ಕೊಂಡವರಿಗೆ ಮಾತ್ರ ಅದು ಸಮಯಕ್ಕೆ ತಲುಪಿತ್ತು.

ಫೈಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇ-ಪುಸ್ತಕಗಳ ಸಾಮಾನ್ಯ ಫೈಲ್ ರೂಪವಾದ ಇಪಬ್ ಒಂದು ಸಾಕು. ಓದುಗರು ತಮ್ಮ ಫೈಲನ್ನು ಕಿಂಡಲ್‌ಗೆ ಕಳಿಸಿಕೊಳ್ಳುವ ಸೆಂಡ್ ಟು ಕಿಂಡಲ್ ಸೇವೆ ಕೂಡ 2022ರಿಂದ ಅದನ್ನು ತೆಗೆದುಕೊಳ್ಳುತ್ತದೆ, ಕಿಂಡಲ್‌ನ ಹಳೆಯ ಮೊಬಿ ಫೈಲ್ ಮಾಡುವ ಕೆಲಸ ತಪ್ಪಿದೆ. ಎರಡು ಕಾಲಂ ಪಿಡಿಎಫ್ ಫೋನಿನಲ್ಲಿ ಓದುವುದು ಹಿಂಸೆ.

ಈಗ ಹೊಸದಾಗಿ ಪತ್ರಿಕೆ ಶುರು ಮಾಡುವವರು ಕೇಳಿದರೆ, ಗಮ್‌ರೋಡ್‌ನಲ್ಲಿ ವರ್ಷದ ಚಂದಾ ಮೊದಲು ಇಡಿ ಅನ್ನುತ್ತೇನೆ. ಕಿಂಡಲ್‌ನಲ್ಲಿ ಬಿಡಿ ಸಂಚಿಕೆ ಇರಲಿ, ಅದರ ಕೊನೆಯ ಪುಟದಲ್ಲಿ ಪತ್ರಿಕೆಯ ಇಮೇಲ್ ಪಟ್ಟಿಗೆ ಸೇರುವ ಕೊಂಡಿ ಇರಲೇಬೇಕು. ಪೇಟ್ರಿಯಾನ್ ಎರಡನೇ ವರ್ಷಕ್ಕೆ. ಮತ್ತೆ ಲೇಖಕರ ಒಪ್ಪಂದದಲ್ಲಿ ವೆಬ್ ಪ್ರಕಟಣೆ, ಬಿಡಿ ಇ-ಸಂಚಿಕೆ, ಆರು ಸಂಚಿಕೆಗಳ ಕಟ್ಟು ಮೂರನ್ನೂ ಹೆಸರಿಸಿ ಬರೆದಿರಬೇಕು. ಕಟ್ಟನ್ನು ಬಿಟ್ಟಿದ್ದರೆ ಅದನ್ನು ಮಾರುವ ಮೊದಲು ಪ್ರತಿ ಲೇಖಕರನ್ನೂ ಮತ್ತೆ ಕೇಳಬೇಕಾಗುತ್ತದೆ.